ಗುಂಡಿಗಿಂತ ಮುಂಚೆ ಬಿದ್ದ ದುರ್ಗಾದೇವಿ

ಕೊಟ್ಟೂರಿನ ದುರ್ಗಾದೇವಿ ಸತ್ತಷ್ಟು ಸಲ ಈ ಸೀಮೆಯಲ್ಲಿ ಇನ್ಯಾರೂ ಸತ್ತಿರಲಿಕ್ಕಿಲ್ಲ. ಕೂಡ್ಲಿಗಿ ಕಡೆ ವಿಷ ಬೆರೆಸಿದ ಹಾಲು ಕುಡಿದು ಸತ್ತಿದ್ದಾಳೆ. ಹಡಗಲಿ ಕಡೆ ರಬ್ಬರಿನ ಹಾವು ಕಚ್ಚಿ ಸತ್ತಿದ್ದಾಳೆ. ದಾರ ಕಟ್ಟಿ ಹಾವನ್ನು ಎಳೆಯಬೇಕಾದವನು ಪರದೆಯ ಹಿಂದೆ ನಿದ್ದೆ ಹೋಗಿದ್ದರಿಂದ, ಪಾಪ, ತಾನೇ ಹಾವಿದ್ದಲ್ಲಿಗೆ ನಡೆದುಹೋಗಿ ಕಚ್ಚಿಸಿಕೊಳ್ಳಬೇಕಾಯಿತು. ಆದರೆ ಅವಳ ಸಾವುಗಳಲ್ಲಿ ಮುಕ್ಕಾಲು ಪಾಲು ಪಿಸ್ತೂಲಿನವು. ಕೊನೆಯ ದೃಶ್ಯದಲ್ಲಿ ದುಷ್ಟ ಗೌಡ ಬಡವನ ಮೇಲೆ ಗುರಿ ಇಡುತ್ತಾನೆ, ಬಡವನ ತಂಗಿ ಅಡ್ಡ ಬರುತ್ತಾಳೆ, ಢಮ್ ಎನ್ನುತ್ತದೆ, ತಂಗಿ ಬೀಳುತ್ತಾಳೆ. ಊರೂರಿಗೆ ಕಥೆ ಬೇರೆ, ಗೌಡ ಬೇರೆ, ಬೀಳುವವಳು ಮಾತ್ರ ಇವಳೇ.

ಅವಳ ಕಸುಬು ಹಳ್ಳಿ ನಾಟಕದ ನಾಯಕಿಯಾಗುವುದು. ಊರಿನ ಗಂಡಸರು ಹೊಲ, ಬಸ್ ಡಿಪೋ, ಪಂಚಾಯಿತಿ ಕಚೇರಿ ಮುಗಿಸಿ ಬಂದು ತಾಲೀಮು ಮಾಡಿ ಬಣ್ಣ ಹಚ್ಚಿಕೊಳ್ಳುತ್ತಾರೆ. ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಹ್ಯಾಂಡ್‌ಬಿಲ್ಲಿನಲ್ಲಿ ಅವಳ ಹೆಸರಿನ ಮುಂದೆ ಇಂದಿಗೂ ‘ಕುಮಾರಿ’ ಎಂದೇ ಅಚ್ಚಾಗುತ್ತದೆ. ಅವಳ ಮಗಳು ರಮಾ ಹರಪನಹಳ್ಳಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ ಎಂಬುದು ಅಚ್ಚು ಹಾಕಿಸುವವರಿಗೆ ಗೊತ್ತಿಲ್ಲವೆಂದಲ್ಲ. ಕಲೆಗೆ ವಯಸ್ಸಿಲ್ಲ ಎನ್ನುತ್ತಾರೆ, ಅಷ್ಟೇ.

ಹಾಡುವವರು, ಕುಣಿಯುವವರು, ಕಣ್ಣೀರು ಸುರಿಸುವವರು ಇನ್ನೂ ಇದ್ದಾರೆ. ಬೀಳುವುದರಲ್ಲಿ ಮಾತ್ರ ದುರ್ಗಾದೇವಿಗೆ ಸಾಟಿ ಇಲ್ಲ. ಢಮ್ ಎಂದ ಕೂಡಲೇ ಬಲ ಮಂಡಿ ಬಾಗುತ್ತದೆ, ಆಮೇಲೆ ಸೊಂಟ, ಕೊನೆಗೆ ಕೈ ಚಾಚಿ ‘ಅಣ್ಣಾ’ ಎನ್ನುತ್ತ ಒರಗುತ್ತಾಳೆ. ಮುಂದೆ ಕೂತ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಬಿದ್ದ ಮೇಲೆ ಅಣ್ಣನ ಶೋಕ, ಗೌಡನ ಬಂಧನ, ಹಿತವಚನ, ಮಂಗಳಾರತಿ, ಎಲ್ಲ ಮುಗಿಯುವ ತನಕ ಕಣ್ಣು ಮುಚ್ಚಿ ಮಲಗಿರಬೇಕು. ಹೀಗಾಗಿ ಇಷ್ಟು ವರ್ಷದಲ್ಲಿ ಒಂದು ನಾಟಕದ ಕೊನೆಯನ್ನೂ ಅವಳು ಕಣ್ಣಾರೆ ಕಂಡವಳಲ್ಲ. ಕಂಡರೆ ಹೆಣ ಕಣ್ಣು ಬಿಟ್ಟಂತಾಗುತ್ತದೆ.

ಇಂಥ ಹೆಸರಿಗೆ ಮಸಿ ಬಳಿದದ್ದು ನೀಲಗುಂದದ ಪಿಸ್ತೂಲು. ಅಲ್ಲಿ ಗೌಡನ ಪಾತ್ರ ಮಾಡಿದ್ದು ಊರಿನ ನೀರಗಂಟಿ. ಒಳ್ಳೆಯ ಮನುಷ್ಯ, ದೊಡ್ಡ ದನಿ. ಆದರೆ ಪಿಸ್ತೂಲಿನ ಕುದುರೆ, ಅಂದರೆ ಬೆರಳಿಟ್ಟು ಎಳೆಯುವ ಆ ಕೊಕ್ಕೆ, ತುಕ್ಕು ಹಿಡಿದು ಕಲ್ಲಿನಂತಾಗಿತ್ತು. ಅವನು ಜಗ್ಗಿದ, ಜಗ್ಗಿದ ರಭಸಕ್ಕೆ ಕೈ ಇಡಿಯಾಗಿ ಅಲ್ಲಾಡಿತು. ಅಲ್ಲಾಡಿದ್ದು ಕಂಡು ಗುಂಡು ಹಾರಿತೆಂದೇ ದುರ್ಗಾದೇವಿ ಬಿದ್ದಳು. ಸದ್ದು ಮಾತ್ರ ಬರಲಿಲ್ಲ. ಅಣ್ಣ ಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶೋಕಗೀತೆಯ ಪಲ್ಲವಿ ಮುಗಿಸಿ ಚರಣಕ್ಕೆ ಬಂದಿದ್ದ. ಆಗ ನೀರಗಂಟಿ ಇದಕ್ಕೇನು ಕೇಡು ಬಂತೆಂದು ಪಿಸ್ತೂಲನ್ನು ತಿರುಗಿಸಿ ನೋಡಹೋದ, ಅದು ಢಮ್ ಎಂದಿತು. ಹೆಣ ಬೆಚ್ಚಿಬಿದ್ದು ಎದ್ದು ಕೂತಿತು.

ಜನ ನಕ್ಕ ನಗೆಗೆ ಪೆಂಡಾಲು ನಡುಗಿತೆಂದು ಹೇಳುತ್ತಾರೆ. ನಕ್ಕು ಮರೆತಿದ್ದರೆ ಚಿಂತೆ ಇರಲಿಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದು ಊರೂರಿಗೆ ಹಂಚಿದರು. ಹರಪನಹಳ್ಳಿಯ ಹಾಸ್ಟೆಲಿನಲ್ಲಿ ರಮಾಳ ಗೆಳತಿಯರು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ; ರಮಾಳೂ ನಕ್ಕಳು, ಆಮೇಲೆ ಎದ್ದು ಕೂತ ಹೆಣದ ಮುಖ ಗುರುತು ಹಿಡಿದಳು. ಆ ಸಂಜೆ ತಾಯಿಗೆ ಫೋನ್ ಮಾಡಿ ಊಟ ಆಯಿತಾ ಎಂದಷ್ಟೇ ಕೇಳಿದಳು. ಮಗಳು ಏನನ್ನು ನುಂಗಿಕೊಂಡಳು ಎಂಬುದು ದುರ್ಗಾದೇವಿಗೆ ಆ ದನಿಯಲ್ಲೇ ತಿಳಿದುಹೋಯಿತು.

ಜನ ಅವಳಿಗೆ ‘ಮುಂಚೆ ಸತ್ತಾಕಿ’ ಎಂದು ಹೆಸರಿಟ್ಟರು. ಬಸ್‌ಸ್ಟ್ಯಾಂಡಿನಲ್ಲಿ, ಹೂವಿನ ಅಂಗಡಿಯಲ್ಲಿ, ಎಲ್ಲಿ ಹೋದರೂ ಅದೇ. ಕರೆಸುತ್ತಿದ್ದ ಸಂಘಗಳು ಈ ಸಲ ಬೇರೆ ಕಲಾವಿದೆಯನ್ನು ನೋಡೋಣ ಎನ್ನತೊಡಗಿದವು. ಉಳಿದದ್ದು ತಂಬ್ರಹಳ್ಳಿಯ ಯುವಕ ಸಂಘವೊಂದೇ. ಅಂಬೇಡ್ಕರ್ ಜಯಂತಿಗೆ ಅವರ ನಾಟಕ; ಹೆಸರು ‘ಬಂಗಲೆ ಗೌಡನ ಬಡಿವಾರ ಅರ್ಥಾತ್ ಕರಗದ ಕಲ್ಲು’. ಹಡಗಲಿ ಕಡೆಯ ಸಂಘದವರು ನೋಡಲು ಬರುತ್ತಾರೆ, ಹಿಡಿಸಿದರೆ ಈ ಬೇಸಿಗೆಯ ನಾಟಕಗಳಿಗೆಲ್ಲ ಅವಳನ್ನೇ ಕರೆಯುತ್ತಾರೆ ಎಂಬ ಸುದ್ದಿ ಇತ್ತು. ಅಲ್ಲೂ ಜನ ನಕ್ಕರೆ ಮುಗಿಯಿತು, ಮುಂಚೆ ಸತ್ತಾಕಿ ಮತ್ತೆ ಏಳುವುದಿಲ್ಲ.

ಅವಳು ನೇರ ಪಕ್ಕೀರಪ್ಪನ ಅಂಗಡಿಗೆ ನಡೆದಳು.

ಪಕ್ಕೀರಪ್ಪ ಕೊಟ್ಟೂರಿನಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವವನು. ಕಿರೀಟ, ಗದೆ, ಅರಮನೆಯ ಪರದೆ, ಕಾಡಿನ ಪರದೆ, ಪೊಲೀಸ್ ಟೋಪಿ, ಎಲ್ಲ ಅವನಲ್ಲಿ. ಮೊದಲು ಸ್ಟೋ ರಿಪೇರಿ ಮಾಡುತ್ತಿದ್ದ. ಮನೆಮನೆಗೆ ಗ್ಯಾಸ್ ಬಂದು ಸ್ಟೋ ಮೂಲೆ ಸೇರಿದ ಮೇಲೆ ಪಿಸ್ತೂಲು ಮಾಡಲು ಕೂತ. ನಲ್ಲಿಯ ಪೈಪು, ಸೈಕಲ್ ಬ್ರೇಕಿನ ಸ್ಪ್ರಿಂಗು, ಸಾಗವಾನಿ ಹಿಡಿಕೆ, ಒಳಗೆ ಮಕ್ಕಳ ಬಿಲ್ಲೆ ಪಟಾಕಿ. ಗುಂಡಿಲ್ಲ, ಸದ್ದು ಮತ್ತು ಹೊಗೆ ಮಾತ್ರ. ಅವುಗಳಿಗೆ ಹೆಸರನ್ನೂ ಇಟ್ಟಿದ್ದ. ಹಗುರ ಕುದುರೆಯದು ‘ಬೆಣ್ಣಿ’, ಬಿಗಿ ಕುದುರೆಯದು ‘ಬೀಗ’. ನೀಲಗುಂದಕ್ಕೆ ಹೋಗಿದ್ದು ಬೀಗ.

ಹಾಗೆಂದು ಜಗಳ ತೆಗೆಯುವ ಹಾಗಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವನು ಒಂದು ಗಾದೆ ಬಿಟ್ಟರೆ ಮುಗಿಯಿತು. ಅದಕ್ಕೇ ಅವಳು ಸಮಾಧಾನವಾಗಿ ಸ್ಟೂಲಿನ ಮೇಲೆ ಕೂತು, ಎರಡೂ ಪಿಸ್ತೂಲುಗಳನ್ನು ಸೀರೆಯ ಮಡಿಲಲ್ಲಿಟ್ಟುಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದರ ಗುಣಾವಗುಣ ವಿಚಾರಿಸತೊಡಗಿದಳು.

ಪಕ್ಕೀರಪ್ಪ ಬೆಣ್ಣಿಯ ಕಡೆಯವನು. ಮುಟ್ಟಿದರೆ ಸಾಕು, ಹಾರುತ್ತದೆ, ಗುರಿ ಅಲ್ಲಾಡುವುದಿಲ್ಲ, ನೇಗಿಲು ಹಿಡಿದ ಬೆರಳಾಗಲಿ ಪೆನ್ನು ಹಿಡಿದ ಬೆರಳಾಗಲಿ ಕಷ್ಟವಿಲ್ಲ. ಬೀಗಕ್ಕೂ ಒಂದು ಗುಣವಿದೆ ಎಂದು ಅವನೇ ಒಪ್ಪಿಕೊಂಡ. ಸೊಂಟದಿಂದ ತೆಗೆಯುವಾಗ ತಾನಾಗಿ ಹಾರುವುದಿಲ್ಲ, ಆಯಾರದ ಹೊತ್ತಿನಲ್ಲಿ ಮಾನ ಉಳಿಸುತ್ತದೆ. ಆಯಾರವೆಂದರೆ ಈ ಸೀಮೆಯ ನಾಟಕಕ್ಕೆ ಅಂಟಿದ ಪದ್ಧತಿ. ನಟ ರಂಗಕ್ಕೆ ಬಂದು ಎರಡು ಮಾತಾಡುವಷ್ಟರಲ್ಲಿ ಮೈಕಿನವನು ಹೆಸರು ಕೂಗುತ್ತಾನೆ, ನಟನ ಬೀಗರು ನೆಂಟರು ಹಾರ, ಶಾಲು, ಪೇಟ ಹಿಡಿದು ರಂಗ ಹತ್ತುತ್ತಾರೆ. ಅವರು ಇಳಿಯುವ ತನಕ ನಾಟಕ ನಿಲ್ಲುತ್ತದೆ. ಕತ್ತಿ ಎತ್ತಿದವನು ಎತ್ತಿದ ಹಾಗೇ, ಬಿಕ್ಕುತ್ತಿದ್ದವಳು ಬಾಯಿ ತೆರೆದ ಹಾಗೇ ನಿಂತಿರುತ್ತಾರೆ. ಹಿಂದೆ ಒಂದೂರಲ್ಲಿ ಷಡ್ಡಕ ಬಂದು ತಬ್ಬಿಕೊಂಡಾಗ ಬೆಣ್ಣಿ ಅವನ ಬಗಲಲ್ಲೇ ಹಾರಿ, ಆ ಎರಡು ಮನೆಗಳ ನಡುವೆ ಇವತ್ತಿಗೂ ಮಾತಿಲ್ಲ.

ಎಲ್ಲ ಕೇಳಿಸಿಕೊಂಡ ಮೇಲೆ ದುರ್ಗಾದೇವಿ ತನ್ನ ಮಾತು ಹೇಳಿದಳು.

“ಪಕ್ಕೀರಣ್ಣ, ನೀ ಇಷ್ಟೊತ್ತು ಹೇಳಿದ್ದೆಲ್ಲ ಹೊಡಿಯೋರ ಲೆಕ್ಕ. ಸಾಯೋರ ಲೆಕ್ಕ ಯಾರು ನೋಡ್ಬೇಕು?”

ಪಕ್ಕೀರಪ್ಪ ಕನ್ನಡಕ ತೆಗೆದು ಅವಳನ್ನು ನೋಡಿದ. ಅವಳು ವಿವರಿಸಿದಳು. ಬೆಣ್ಣಿ ಯಾವಾಗ ಹಾರುತ್ತದೆಂದು ಹೊಡೆಯುವವನಿಗೇ ಗೊತ್ತಿರುವುದಿಲ್ಲ, ಇನ್ನು ಎದುರಿಗೆ ನಿಂತವಳಿಗೆ ಹೇಗೆ ಗೊತ್ತಾಗಬೇಕು? ಢಮ್ ಎಂದ ಮೇಲೆ ಬೆಚ್ಚಿ, ಬೆಚ್ಚಿದ ಮೇಲೆ ನೆನಪಾಗಿ, ನೆನಪಾದ ಮೇಲೆ ಬೀಳಬೇಕು. ಅಷ್ಟರಲ್ಲಿ ಗುಂಡು ಕೂಡ್ಲಿಗಿ ಮುಟ್ಟಿರುತ್ತದೆ. ಬೀಗದಲ್ಲಿ ಮುನ್ಸೂಚನೆ ಉಂಟು, ಜಗ್ಗುವವನ ಗಂಟಲ ನರ ಉಬ್ಬುತ್ತದೆ, ಕೈ ನಡುಗುತ್ತದೆ. ಆದರೆ ಸೂಚನೆ ಕೊಟ್ಟು ಕೈ ಕೊಡುತ್ತದೆ. ಒಂದು ತಡವಾಗಿ ಸಾಯಿಸುತ್ತದೆ, ಇನ್ನೊಂದು ಮುಂಚೆ ಸಾಯಿಸುತ್ತದೆ. ಅತ್ತ ದರಿ, ಇತ್ತ ಪುಲಿ.

ಪಕ್ಕೀರಪ್ಪ ತಲೆ ಕೆರೆದುಕೊಂಡು ಎದ್ದುಹೋಗಿ, ಕಿರೀಟಗಳ ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಮೂರನೆಯದೊಂದನ್ನು ತಂದ. ಅದಕ್ಕೆ ಹೆಸರಿರಲಿಲ್ಲ. ಮಾಡುವಾಗ ಸ್ಪ್ರಿಂಗು ಗಿಡ್ಡವಾಗಿ ಕುದುರೆ ಅರ್ಧ ದಾರಿ ಸಲೀಸಾಗಿ ಬಂದು, ಅಲ್ಲಿ ‘ಟಿಕ್’ ಎಂದು ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿಂದ ಮತ್ತೊಂದು ಚೂರು ಒತ್ತಿದರೆ ಹಾರುತ್ತಿತ್ತು. ಕೆಟ್ಟ ಕೆಲಸವೆಂದು ನಾಚಿಕೊಂಡು ಯಾರಿಗೂ ಕೊಟ್ಟಿರಲಿಲ್ಲ.

ದುರ್ಗಾದೇವಿ ಅದನ್ನು ಕಿವಿಯ ಹತ್ತಿರ ಹಿಡಿದು ಎಳೆದಳು. ಟಿಕ್. ಉಸಿರು ಎಳೆದುಕೊಂಡಳು. ಇನ್ನಷ್ಟು ಒತ್ತಿದಳು. ಢಮ್. ಸ್ಟೂಲಿನಿಂದ ಬಲ ಮಂಡಿಯ ಮೇಲೆ ಜಾರಿ, ಸೊಂಟ ಬಾಗಿಸಿ, ಪೊಲೀಸ್ ಟೋಪಿಗಳ ಪೆಟ್ಟಿಗೆಗೆ ಒರಗಿ ಅಚ್ಚುಕಟ್ಟಾಗಿ ಸತ್ತಳು. ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದ ನಾಗಕ್ಕ ಸದ್ದಿಗೆ ಓಡಿಬಂದು ನೋಡಿ, ಹಗಲು ಹೊತ್ತಿನಲ್ಲೂ ಇದೇ ಕೆಲಸವಾ ಎಂದು ಬೈದು ಹೋದಳು.

ಪಕ್ಕೀರಪ್ಪ ಮಾತ್ರ ಖುಷಿಪಡಲಿಲ್ಲ. ಟಿಕ್ ಎಂದಲ್ಲಿ ನಿಂತುಬಿಟ್ಟರೆ ಇದು ಬೆಣ್ಣಿಗಿಂತ ಮೃದು, ಆಗ ಆಯಾರ ಬಂದರೆ ದೇವರೇ ಗತಿ ಎಂದ. ಕೊನೆಯ ದೃಶ್ಯಕ್ಕೆ ಯಾರು ಆಯಾರ ಮಾಡುತ್ತಾರೆ ಎಂದು ಅವಳು ತಳ್ಳಿಹಾಕಿದಳು. ಬೆಳಗಿನ ಜಾವಕ್ಕೆ ಎಲ್ಲ ನೆಂಟರ ಹಾರಗಳೂ ಮುಗಿದು, ಹೂವು ಬಾಡಿ, ಅರ್ಧ ಜನ ಚಾಪೆಯ ಮೇಲೆ ಒರಗಿರುತ್ತಾರೆ. ಅವಳು ಹೇಳಿದ್ದು ನಿಜವೇ ಆಗಿತ್ತು, ಅಲ್ಲಿಯವರೆಗೆ.

ತಂಬ್ರಹಳ್ಳಿಯಲ್ಲಿ ಗೌಡನ ಪಾತ್ರ ಹುಲುಗೇಶನದು. ಹಗರಿಬೊಮ್ಮನಹಳ್ಳಿ ಡಿಪೋದಲ್ಲಿ ಡ್ರೈವರ್. ಗಿರಿಜಾ ಮೀಸೆ, ಮೆತ್ತನೆಯ ಸ್ವಭಾವ. ಬಸ್ಸಿನಲ್ಲಿ ಚಿಲ್ಲರೆಗೆ ಜಗಳವಾದರೂ ಹಿಂದೆ ತಿರುಗಿ ನೋಡದವನು ಇಲ್ಲಿ ‘ಎಲವೋ ಭಿಕಾರಿ’ ಎನ್ನಬೇಕಿತ್ತು. ಶಾಲೆಯ ಬಯಲಿನ ತಾಲೀಮಿನಲ್ಲಿ ದುರ್ಗಾದೇವಿ ಅವನ ಕೈಗೆ ಪಿಸ್ತೂಲು ಕೊಟ್ಟಳು. ಅವನ ಬೆರಳು ಬಾಳೆಕಾಯಿಯಂತೆ ದಪ್ಪ, ಕೊಕ್ಕೆಯೊಳಗೆ ಹೋಗುವುದೇ ಕಷ್ಟ. ಟಿಕ್ ಎಂದಲ್ಲಿ ತಡೆದು, ಅವಳು ಉಸಿರೆಳೆದುಕೊಂಡ ಮೇಲೆ ಒತ್ತಬೇಕೆಂದು ಎಷ್ಟು ಹೇಳಿದರೂ ಒಂದೇ ಏಟಿಗೆ ಹಾರಿಸಿಬಿಡುತ್ತಿದ್ದ. ಕೊನೆಗೆ ಅವಳಿಗೆ ಅವನ ನೌಕರಿ ನೆನಪಾಯಿತು.

“ಸಂಡೂರು ಘಾಟಿನಾಗ ಮುಂದ ಅದಿರಿನ ಲಾರಿ ನಿಂತ್ರ ಏನ್ ಮಾಡ್ತೀರಿ?” ಎಂದು ಕೇಳಿದಳು.

“ಹಾಫ್ ಕ್ಲಚ್ಚಿನಾಗ ಹಿಡ್ಕಂಡು ನಿಲ್ತೀನ್ರಿ ಮೇಡಂ. ಬಿಟ್ರ ಗಾಡಿ ಹಿಂದಕ್ಕ ಉಳ್ಳತೈತಿ.”

“ಇದೂ ಹಂಗ. ಟಿಕ್ ಅಂದ್ರ ಹಾಫ್ ಕ್ಲಚ್. ಏನ ಆಗ್ಲಿ, ಆಮ್ಯಾಲ ಬಿಡಬ್ಯಾಡ್ರಿ.”

ಹುಲುಗೇಶನ ಮುಖ ಬೆಳಗಿತು. ಆಮೇಲೆ ಒಂದು ಸಲವೂ ತಪ್ಪಲಿಲ್ಲ. ಟಿಕ್, ಉಸಿರು, ಢಮ್, ಸಾವು. ಹಾರ್ಮೋನಿಯಂ ಮಾಸ್ತರರೇ ಭೇಷ್ ಎಂದರು. ಏನೇ ಆಗಲಿ ಬಿಡಬೇಡ ಎಂಬ ಮಾತನ್ನು ಒಬ್ಬ ಬಸ್ ಡ್ರೈವರಿಗೆ ಹೇಳಿದರೆ ಅವನು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾನೆಂದು ದುರ್ಗಾದೇವಿ ಯೋಚಿಸಬೇಕಿತ್ತು.

ನಾಟಕದ ದಿನ ಎಲ್ಲ ಸುಸೂತ್ರ. ಮೊದಲ ಅಂಕದಲ್ಲೇ ಬಡ ಅಣ್ಣ ತಂಗಿಯರು ತಮ್ಮ ತಂದೆ ದೇಶಾಂತರ ಹೋದ ಕಥೆಯನ್ನು ಹಾಡಿ ಅತ್ತರು. ಆ ತಂದೆ ಯಾಕೆ ಹೋದ, ಎಲ್ಲಿಗೆ ಹೋದ ಎಂಬುದನ್ನು ನಾಟಕ ಬರೆದವರು ಆಮೇಲೆ ಮರೆತಿದ್ದರು, ಜನರೂ ಕೇಳಲಿಲ್ಲ. ಆಯಾರಗಳು ಸಾಲುಸಾಲಾಗಿ ಬಂದವು. ಹುಲುಗೇಶನ ಗೆಳೆಯರು, ಡಿಪೋದವರು, ಓಣಿಯವರು ಎಲ್ಲರೂ ಹಾರ ಹಾಕಿದರು. ಬರಬೇಕಾದ ಅವನ ಮಾವ ಕೋಗಳಿಯ ಕೊಟ್ರಬಸಪ್ಪ ಮಾತ್ರ ಬಂದಿರಲಿಲ್ಲ. ಅಳಿಯನ ನಾಟಕಕ್ಕೆ ಮಾವ ಬರದಿದ್ದರೆ ಅದೊಂದು ಮಾತಾಗುತ್ತದೆ. ಹುಲುಗೇಶನ ಹೆಂಡತಿ ಹೆಂಗಸರ ಸಾಲಿನಿಂದ ಪದೇ ಪದೇ ರಸ್ತೆಯ ಕಡೆ ತಿರುಗಿ ನೋಡುತ್ತಿದ್ದಳು.

ಕೊನೆಯ ದೃಶ್ಯ ಬರುವ ಹೊತ್ತಿಗೆ ಮೂಡಣದಲ್ಲಿ ಬೆಳಕು ಹರಿದಿತ್ತು. ಹಾಲಿನವನು ಕ್ಯಾನು ಕಟ್ಟಿದ ಬೈಕನ್ನು ನಿಲ್ಲಿಸಿ ಪೆಂಡಾಲಿನ ಅಂಚಿನಲ್ಲಿ ನಿಂತಿದ್ದ. ಹಡಗಲಿಯ ಸಂಘದವರು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಕೆಲವರು ಮೊಬೈಲು ಎತ್ತಿ ಹಿಡಿದಿದ್ದರು. ಮುಂಚೆ ಸತ್ತಾಕಿ ಈ ಸಲ ಯಾವಾಗ ಸಾಯುತ್ತಾಳೆ ಎಂದು ನೋಡಲು ಕಾದಿದ್ದರು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಇಷ್ಟು ಸಲ ಸತ್ತವಳಿಗೆ ಅವತ್ತು ಮೊದಲ ಸಲ ಸಾಯಲು ಭಯವಾಯಿತು.

ಗೌಡ ಪಿಸ್ತೂಲು ತೆಗೆದ. ತಂಗಿ ಎರಡೂ ಕೈ ಚಾಚಿ ಅಣ್ಣನಿಗೆ ಅಡ್ಡ ನಿಂತಳು. ಟಿಕ್. ಸದ್ದು ಸ್ಪಷ್ಟವಾಗಿ ಕೇಳಿಸಿತು. ಅವಳು ಉಸಿರೆಳೆದುಕೊಂಡಳು, ಬಲ ಮಂಡಿಯನ್ನು ಸಡಿಲ ಬಿಟ್ಟಳು.

ಆಗ ಮೈಕು ಕೊರ್ ಎಂದಿತು. ಗಾಡಿ ಪಂಕ್ಚರ್ ಆಗಿ ದಾರಿಯಲ್ಲೇ ಉಳಿದಿದ್ದ ಹುಲುಗೇಶನ ಮಾವನವರು, ಕೋಗಳಿಯ ಕೊಟ್ರಬಸಪ್ಪನವರು, ಇದೀಗ ಆಗಮಿಸಿದ್ದಾರೆ, ಅಳಿಯನಿಗೆ ಆಯಾರ ಮಾಡಲಿದ್ದಾರೆ ಎಂದು ಮೈಕಿನವನು ಭಾರಿ ಸಂತೋಷದಿಂದ ಸಾರಿದ. ಹಾರ್ಮೋನಿಯಂ ಸ್ವಾಗತದ ಒಂದು ಸಾಲು ನುಡಿಸಿತು. ಬಿಳಿ ಪಂಚೆ, ಬಿಳಿ ಅಂಗಿಯ ಮುದುಕ, ತೋಳಿನಲ್ಲಿ ಶಾಲು, ಕೈಯಲ್ಲಿ ಸೇವಂತಿಗೆ ಹಾರ, ಮುಖದ ತುಂಬ ನಗೆ ಹೊತ್ತು ರಂಗ ಹತ್ತಿದ.

ನಾಟಕ ನಿಂತಿತು. ದುರ್ಗಾದೇವಿ ಅರ್ಧ ಬಾಗಿದ ಮಂಡಿಯಲ್ಲೇ ನಿಂತು ಹುಲುಗೇಶನ ಬೆರಳನ್ನು ನೋಡಿದಳು. ಅವನು ಬೆರಳು ತೆಗೆದಿರಲಿಲ್ಲ. ಘಾಟಿಯಲ್ಲಿ ಗಾಡಿ ಹಿಡಿದವನ ಹಾಗೆ ಹಲ್ಲು ಕಚ್ಚಿ, ಹಣೆಯ ಮೇಲೆ ಬೆವರು ಮೂಡಿಸಿಕೊಂಡು, ಹಾಫ್ ಕ್ಲಚ್ಚಿನಲ್ಲೇ ಇದ್ದ. ಬಿಡು ಎಂದು ಅವಳು ಕಣ್ಣಲ್ಲೇ ಹೇಳಿದಳು. ಧೈರ್ಯ ಹೇಳುತ್ತಿದ್ದಾಳೆಂದು ತಿಳಿದು ಅವನು ಇನ್ನೂ ಗಟ್ಟಿಯಾಗಿ ತಲೆಯಾಡಿಸಿದ. ಮಾವ ಹಾರ ಹಾಕಿದ, ಶಾಲು ಹೊದಿಸಿದ. ಶಾಲಿನೊಳಗೆ ಕೈಯೂ ಪಿಸ್ತೂಲೂ ಮರೆಯಾದವು. ಆಮೇಲೆ, ತಡವಾಗಿ ಬಂದದ್ದಕ್ಕೆ ಅಳಿಯ ಬೇಸರ ಮಾಡಿಕೊಳ್ಳಬಾರದೆಂದು, ಎರಡೂ ತೋಳು ಬಳಸಿ ಅವನನ್ನು ತಬ್ಬಿಕೊಂಡ.

ಶಾಲಿನೊಳಗೆ ಢಬ್ ಎಂದಿತು.

ಶಾಲಿನ ಅಂಚಿನಿಂದ ಹೊಗೆ ಬಂತು. ಕೊಟ್ರಬಸಪ್ಪ ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡು, ಅಳಿಯನ ಮುಖವನ್ನು ಒಮ್ಮೆ ನೋಡಿ, ಮೆಲ್ಲಗೆ ಕೂತು, ಕೂತಲ್ಲೇ ಮಲಗಿಬಿಟ್ಟ.

ಪೆಂಡಾಲು ಒಂದು ಗಳಿಗೆ ಸ್ತಬ್ಧ. ಆ ಒಂದು ಗಳಿಗೆ ಎಷ್ಟು ಹೊತ್ತು ಇರುತ್ತದೆಂದು ದುರ್ಗಾದೇವಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮುಗಿದ ಕೂಡಲೇ ನಗೆ ಏಳುತ್ತದೆ, ನೀಲಗುಂದದ್ದಕ್ಕಿಂತ ದೊಡ್ಡದು. ಇತ್ತ ಅವಳ ಬಲ ಮಂಡಿ ಯಾರ ಅಪ್ಪಣೆಗೂ ಕಾಯದೆ ನೆಲ ಮುಟ್ಟುತ್ತಿತ್ತು. ಸದ್ದು ಕೇಳಿದರೆ ಬೀಳುವುದೇ ಅದಕ್ಕೆ ರೂಢಿ. ಅತ್ತ ಹಾರಿದ ಗುಂಡಿಗೆ ಇತ್ತ ಇವಳು ಸತ್ತರೆ ಮಗಳು ಇನ್ನೆಂದೂ ಹಾಸ್ಟೆಲಿನಲ್ಲಿ ತಲೆ ಎತ್ತಲಾರಳು. ನಾಟಕದ ಮೊದಲ ಅಂಕ ಅವಳ ನೆನಪಿಗೆ ಬಂದದ್ದು ಆಗಲೇ. ಊರಿದ ಮಂಡಿಯನ್ನು ಎತ್ತದೆ ಅದರ ಮೇಲೇ ಸರಿದು, ಕೈ ಚಾಚಿಕೊಂಡು, ಮುದುಕನ ಹತ್ತಿರ ತೆವಳಿ ಹೋದಳು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

“ಅಪ್ಪಾ, ದೇಶಾಂತರ ಹೋದವನು ಮಗಳಿಗೆ ಬರುವ ಗುಂಡಿಗೆ ಎದೆ ಕೊಡಲೆಂದೇ ತಿರುಗಿ ಬಂದೆಯಾ?”

ಹಾರ್ಮೋನಿಯಂ ಮಾಸ್ತರರು ಅನುಭವಸ್ಥರು. ಶೋಕದ ರಾಗ ಹಿಡಿದೇಬಿಟ್ಟರು. ಹೆಂಗಸರ ಸಾಲಿನಲ್ಲಿ ಯಾರೋ, ಅಯ್ಯೋ ಆ ಅಪ್ಪ ಇವನಾ, ಎಂದದ್ದು ಎಲ್ಲರಿಗೂ ಕೇಳಿಸಿತು. ಗಂಟಲಲ್ಲಿ ಎದ್ದಿದ್ದ ನಗೆ ಅಲ್ಲೇ ಉಳಿಯಿತು.

ತೊಡೆಯ ಮೇಲೆ ಕೊಟ್ರಬಸಪ್ಪ ಒಂದು ಕಣ್ಣು ತೆರೆದು, ಮೈಕಿಗೆ ಕೇಳದ ದನಿಯಲ್ಲಿ ಕೇಳಿದ. “ಗುಂಡು ಹತ್ತಿಲ್ಲಲ್ಲವ್ವಾ?”

“ಇಲ್ರಿ ಯಜಮಾನ್ರ. ಹತ್ತಿದಂಗ ಇರ್ರಿ.”

“ಎಷ್ಟೊತ್ತು?”

“ಮಂಗಳಾರತಿ ಆಗೋತನ.”

ಮುದುಕ ಒಪ್ಪಿ ಕಣ್ಣು ಮುಚ್ಚಿಕೊಂಡ. ಹುಲುಗೇಶನಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಮಾವನನ್ನು ತಾನೇ ಕೊಂದೆನೆಂದು ನಂಬಿದ್ದ ಆ ಮೆತ್ತನೆಯ ಮನುಷ್ಯ ಪಿಸ್ತೂಲು ಕೆಳಗೆ ಬಿಟ್ಟು, ಮುದುಕನ ಕಾಲಿಗೆ ಬಿದ್ದು, ತಪ್ಪಾತು ತಪ್ಪಾತು ಎಂದು ನಿಜವಾಗಿ ಅತ್ತ. ಕರಗದ ಕಲ್ಲೆಂದು ಹೆಸರಾದ ಬಂಗಲೆ ಗೌಡ ಎಲ್ಲರ ಕಣ್ಣೆದುರೇ ಕರಗಿಹೋದ. ಪೊಲೀಸ್ ಪಾತ್ರಧಾರಿ ಬೇಡಿ ಹಿಡಿದು ಬಂದವನು, ಹಾಕಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ ಎರಡನ್ನೂ ಮಾಡಿದ.

ದುರ್ಗಾದೇವಿ ಶೋಕಗೀತೆ ಎತ್ತಿಕೊಂಡಳು. ಅದು ಅಣ್ಣ ತಂಗಿಗಾಗಿ ಹಾಡಬೇಕಾದ ಹಾಡು. ತಾನು ಸತ್ತು ಮಲಗಿ ಎಷ್ಟೋ ಸಲ ಕೇಳಿಸಿಕೊಂಡದ್ದರಿಂದ ಪ್ರತಿ ಅಕ್ಷರ ಬಾಯಿಗೆ ಬರುತ್ತಿತ್ತು. ತಂಗಿ ಎಂದಿದ್ದಲ್ಲೆಲ್ಲ ಅಪ್ಪ ಎಂದಳು. ಹಾಡುತ್ತ ತಲೆ ಎತ್ತಿದಳು.

ಎತ್ತಿದವಳು ಜನರನ್ನು ಕಂಡಳು. ನಾಟಕದ ಕೊನೆಗೆ ಜನ ಹೇಗಿರುತ್ತಾರೆಂದು ಅವಳು ಕಂಡದ್ದು ಅದೇ ಮೊದಲು. ಎಳೆ ಬಿಸಿಲು ಎಲ್ಲರ ತಲೆಯ ಮೇಲೆ ಬಿದ್ದಿತ್ತು. ಮುದುಕಿಯೊಬ್ಬಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಹಾಲಿನವನು ಮಾರುವುದನ್ನು ಮರೆತು ಕ್ಯಾನಿಗೆ ಒರಗಿ ನಿಂತಿದ್ದ. ಮೊಬೈಲು ಎತ್ತಿ ಹಿಡಿದಿದ್ದವರ ಕೈಗಳು ತಾವಾಗಿಯೇ ಕೆಳಗಿಳಿದು, ಮೊಬೈಲುಗಳು ಅವರವರ ಮೊಣಕಾಲಿನ ಚಿತ್ರ ಹಿಡಿಯುತ್ತಿದ್ದವು. ತಾನು ಬಿದ್ದು ಕಣ್ಣು ಮುಚ್ಚಿದ ಮೇಲೆ ಇಷ್ಟೂ ವರ್ಷ ಇವರು ಹೀಗೆ ಅಳುತ್ತಿದ್ದರಾ ಎಂದುಕೊಂಡಳು. ಅವಳಿಗೆ ಸಂತೋಷವಾಯಿತು, ಆ ಸಂತೋಷ ತಡೆಯಲಾರದೆ ಅಳು ಬಂತು. ಬಿಸಿ ಹನಿ ಕೊಟ್ರಬಸಪ್ಪನ ಮೂಗಿನ ಮೇಲೆ ಬಿತ್ತು. ಅವನು ಸೀನು ತಡೆದುಕೊಂಡ.

ಮಂಗಳಾರತಿ ಮುಗಿದು ಹೆಣ ಎದ್ದು ಕೈಮುಗಿದಾಗ ಬಿದ್ದ ಚಪ್ಪಾಳೆಯ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಹಾರಿದವು. ಹಡಗಲಿಯವರು ರಂಗದ ಹಿಂದೆ ಬಂದು ತಮ್ಮ ನಾಟಕಗಳಿಗೆ ಅವಳೇ ಬರಬೇಕೆಂದರು. ಒಂದೇ ಷರತ್ತು, ಕೊನೆಯಲ್ಲಿ ತಂಗಿ ಸಾಯಬಾರದು, ತಂದೆ ಸಾಯಬೇಕು. ಆ ತಂದೆಯೂ ಬರಲು ಸಾಧ್ಯವಾ ಎಂದೂ ವಿಚಾರಿಸಿದರು. ಕೊಟ್ರಬಸಪ್ಪ ಶಾಲಿನಲ್ಲಿ ಸುಟ್ಟ ತೂತಿಗೆ ಬೆರಳು ಹಾಕಿ ಎಲ್ಲರಿಗೂ ತೋರಿಸುತ್ತಿದ್ದವನು, ತಾನು ಖಾಲಿ ಇದ್ದೇನೆ, ಯಾವಾಗ ಕರೆದರೂ ಬರುತ್ತೇನೆ ಎಂದ. ಅಳಿಯ ಮಾತ್ರ ಅವನ ಅಂಗೈಯನ್ನು ಇನ್ನೂ ಬಿಟ್ಟಿರಲಿಲ್ಲ.

ರಮಾಳ ಫೋನ್ ಬಂದದ್ದು ಬಸ್ಸಿನಲ್ಲಿ. ಯಾರೋ ಕಳಿಸಿದ್ದನ್ನು ನೋಡಿದಳಂತೆ. ಅರ್ಧದಲ್ಲಿ ಬರೀ ಮೊಣಕಾಲುಗಳೇ ಕಂಡವಂತೆ, ಆದರೆ ಹಾಡು ಪೂರ್ತಿ ಕೇಳಿಸಿತಂತೆ. ಗೆಳತಿಯರಿಗೆಲ್ಲ ಹಾಕಿ ಕೇಳಿಸಿದೆ, ಇದು ನಮ್ಮಮ್ಮ ಎಂದು ಹೇಳಿದೆ ಎಂದಳು. ದುರ್ಗಾದೇವಿ ಊಟ ಆಯಿತಾ ಎಂದು ಕೇಳಿ, ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

ಕೊಟ್ಟೂರಿನಲ್ಲಿ ಇಳಿದು ಪಿಸ್ತೂಲು ಮರಳಿಸಲು ಹೋದಾಗ ಪಕ್ಕೀರಪ್ಪ ಎಲ್ಲ ಸುದ್ದಿ ತಿಳಿದು ಕಾದಿದ್ದ. ಆಯಾರದ ಮಾತನ್ನು ತಾನು ಮೊದಲೇ ಹೇಳಿದ್ದೆನೆಂದು ನೆನಪಿಸಿ ತೃಪ್ತಿಪಟ್ಟ ಮೇಲೆ, ಮೂರೂ ಪಿಸ್ತೂಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಇಷ್ಟು ವರ್ಷ ಅವನು ಯಾವುದು ಬೇಕೆಂದು ಕೇಳುತ್ತಿದ್ದದ್ದು ಹೊಡೆಯುವವರನ್ನು. ಇವತ್ತು ಅವಳನ್ನು ಕೇಳಿದ. “ಹಡಗಲಿಗೆ ಯಾವ್ದು ಕೊಡ್ಲಿ ತಂಗಿ?”

“ಯಾವ್ದಾರ ಕೊಡು ಪಕ್ಕೀರಣ್ಣ. ಕುದುರಿ ಅವರ ಕೈಯಾಗಿರ್ಲಿ. ಯಾವಾಗ ಸಾಯ್ಬೇಕು ಅನ್ನೋದು ನಾ ನೋಡ್ಕಂತೀನಿ.”

ಪಕ್ಕೀರಪ್ಪ ಟಿಕ್ ಎನ್ನುವುದನ್ನೇ ಒರೆಸಿ, ಹೊಸ ಬಿಲ್ಲೆ ಪಟಾಕಿಯ ಡಬ್ಬಿಯೊಂದಿಗೆ ಚೀಲಕ್ಕೆ ಹಾಕಿಕೊಟ್ಟ. ಅವಳು ಬಾಗಿಲ ತನಕ ಹೋದವಳು ನಿಂತು, ಪಿಸ್ತೂಲು ಹೊರತೆಗೆದು ಕಿವಿಗೆ ಹಿಡಿದು, ಟಿಕ್ ಇದೆಯಾ ಎಂದು ಒಮ್ಮೆ ನೋಡಿಕೊಂಡೇ ಹೋದಳು.